ಕನ್ನಡದಲ್ಲಿ ವಿಜ್ಞಾನ ಪ್ರಚಾರದ ಉಪನ್ಯಾಸಗಳು: ವಾನಳ್ಳಿಯಿಂದ ಒಂದು ನೋಟ

ಕನ್ನಡದಲ್ಲಿ ವಿಜ್ಞಾನವನ್ನು ಜನಸಾಮಾನ್ಯರಿಗೆ ತಿಳಿಸುವ ಪ್ರಯತ್ನದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೊರಡುತ್ತಾರೆ. ಅದು ಸಹಜವೇ, ಭಾಷಣಕಾರರು ಅಲ್ಲಿದ್ದರು, ಅಚ್ಚುಕೂಟಗಳೂ ಅಲ್ಲಿದ್ದುವು. ಆದರೆ ಉಪನ್ಯಾಸಕ್ಕೆ ನುಡಿಯುವವನೊಬ್ಬನಿದ್ದರೆ ಸಾಲದು, ಕೇಳುವವನೂ ಬೇಕು. ಈ ಎರಡನೆಯವನ ಕಡೆಯಿಂದ ನೋಡಿದರೆ ಅದೇ ಇತಿಹಾಸ ಹೇಗೆ ಕಾಣುವುದೆಂದು ಪರಿಶೀಲಿಸಲು ನಾವು ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ವಾನಳ್ಳಿಯನ್ನು ಆರಿಸಿಕೊಂಡಿದ್ದೇವೆ. ಘಟ್ಟದ ನಡುವಣ ಅಡಕೆ ತೋಟಗಳ ಊರು ಅದು. ಮೈಸೂರು ಸಂಸ್ಥಾನದ ಸಭಾಭವನಗಳಿಂದ ಬಹುದೂರ. ಅಷ್ಟೇ ಅಲ್ಲ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಿಲ್ಲೆಯೇ ಮುಂಬಯಿಗೆ ಸೇರಿತ್ತು.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದುದು 1916ರಲ್ಲಿ. ಅದರ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯನ್ನು ಕಟ್ಟಿ, 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ಬದುಕಿದುದು ಸುಮಾರು ಎರಡು ವರ್ಷ. ಅದರ ಅಲ್ಪಾಯುಷ್ಯಕ್ಕೆ ಮರುಗುವುದು ವಾಡಿಕೆಯಾಗಿದೆ. ನಮಗೆ ಅದಕ್ಕಿಂತ ಮುಖ್ಯವಾಗಿ ತೋರುವುದು, ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದವರು ಅದೇ ವಿಷಯವನ್ನು ಕನ್ನಡದಲ್ಲಿ ಹೇಳಹೊರಟಾಗ ಒಂದೊಂದು ಪದಕ್ಕೂ ತಡವರಿಸಬೇಕಾಯಿತೆಂಬುದು. ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಬೆಳಕು ಕಂಡುದು 1946ರಲ್ಲಿ. ಅಲ್ಲಿಯತನಕ ಪ್ರತಿಯೊಬ್ಬ ಭಾಷಣಕಾರನೂ ತನಗೆ ತಾನೇ ನಿಘಂಟಾಗಬೇಕಾಗಿತ್ತು.

ಬರಹಕ್ಕೆ ಓದು ಬಲ್ಲವರು ಬೇಕು; ಧ್ವನಿಗೆ ಆ ನಿರ್ಬಂಧವಿಲ್ಲ. 1935ರ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಯಂತ್ರದ ಶಕ್ತಿ 30 ವಾಟ್. ಇಂದು ಮನೆಯ ಸಾಧಾರಣ ಬೀಸಣಿಗೆಯೊಂದು ಅದಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗುವುದುಂಟು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು 1950ರ ದಶಕದಲ್ಲಿ ರಾಷ್ಟ್ರದ ಬಾನುಲಿಯ ಹೆಸರೇ ಆಯಿತು. ವಿಶ್ವವಿದ್ಯಾನಿಲಯದ ಅಧ್ಯಾಪಕನೊಬ್ಬನು ತನ್ನ ಮನೆಯ ಕೋಣೆಯಿಂದ ಕಾಣದ ಕೇಳುಗರನ್ನುದ್ದೇಶಿಸಿ ನುಡಿಯಲು ತೊಡಗಿದನೆಂದರೆ, ಈಗಿನ ಪಾಡ್‌ಕಾಸ್ಟಿನವರು ತಮ್ಮ ವಂಶವೃಕ್ಷವನ್ನು ಅಲ್ಲಿಂದ ಎಳೆದುಕೊಳ್ಳಬಹುದು. ಒಂದು ಭೇದವುಂಟು: ಅಂದಿನ ಕೇಳುಗನು ಒಮ್ಮೆ ತಪ್ಪಿದ ಮಾತನ್ನು ಮತ್ತೆ ಕೇಳುವಂತಿರಲಿಲ್ಲ.

ಅಷ್ಟು ಸಣ್ಣ ಯಂತ್ರದ ಧ್ವನಿ ಘಟ್ಟದ ಈ ಮೂಲೆಯನ್ನು ಮುಟ್ಟುವ ಮಾತು ದೂರ. ವಾನಳ್ಳಿಯ ಸೀಮೆಗೆ ಮೈಸೂರಿಗಿಂತ ಧಾರವಾಡವೇ ಹತ್ತಿರವಾಯಿತು. 1950ರ ಜನವರಿ 8ರಂದು ಧಾರವಾಡದ ಬಾನುಲಿ ಕೇಂದ್ರ ನುಡಿಯತೊಡಗಿತು. 1949ರಲ್ಲಿ ಮುಂಬಯಿಯಲ್ಲಿ ಜನ್ಮವೆತ್ತಿದ್ದ ಕರ್ನಾಟಕ ವಿಶ್ವವಿದ್ಯಾಲಯವೂ ಅದೇ ವರ್ಷ ಅಲ್ಲಿಗೆ ಬಂದಿತು. ಅದು ವ್ಯಾಸಂಗ ವಿಸ್ತರಣದ ವಿಭಾಗವನ್ನು ತೆರೆದು, ಉಪನ್ಯಾಸಗಳನ್ನು ಚಿಕ್ಕ ಹೊತ್ತಗೆಗಳಾಗಿ ಅಚ್ಚುಹಾಕಿಸಿತು. ಕವಿ ಚೆನ್ನವೀರ ಕಣವಿಯವರು ದೀರ್ಘಕಾಲ ಈ ಕಾರ್ಯವನ್ನು ನಡೆಸಿದರು. ವಿಜ್ಞಾನದ ಹೊತ್ತಗೆಗಳ ಭಾಷೆಯನ್ನು ಕವಿಯೊಬ್ಬರು ತಿದ್ದುವ ಸ್ಥಾನದಲ್ಲಿದ್ದುದು ನಷ್ಟವಾಯಿತೆಂದು ನಾವು ಭಾವಿಸುವುದಿಲ್ಲ.

ಈಗ ಕೇಳುಗನತ್ತ ಬರೋಣ. ಅವನು ಏನೂ ಅರಿಯದ ಖಾಲಿ ಪಾತ್ರೆಯೆಂದು ನಮ್ಮ ಪ್ರಚಾರಕರಲ್ಲಿ ಅನೇಕರು ತಿಳಿದಂತಿದೆ. ಅಡಕೆಯ ಕೊಳೆರೋಗದ ಕಥೆ ಈ ಊಹೆಯನ್ನು ಸುಳ್ಳಾಗಿಸುತ್ತದೆ. ಮುಂಗಾರಿನ ಜಡಿಮಳೆಯಲ್ಲಿ ಕೊನೆಗಳ ಮೇಲೆ ನೀರು ನಿಂತು ಎಳೆಯ ಕಾಯಿ ಕೊಳೆತು ಉದುರುವುದನ್ನು ಮಲೆನಾಡಿನ ರೈತನು ತಲೆತಲಾಂತರದಿಂದ ಕಂಡವನು. ನೀರೇ ಶತ್ರುವೆಂದು ಅರಿತು ಕೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿಯನ್ನು ಅವನು ರೂಢಿಸಿಕೊಂಡಿದ್ದನು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವಿವರವಾದ ವರದಿಯನ್ನು ಪ್ರಕಟಿಸಿದರು. ರೋಗಕ್ಕೆ ಕಾರಣ ಫೈಟಾಫ್ತೊರ ಜಾತಿಯ ಸೂಕ್ಷ್ಮಜೀವಿ. ಅದರ ಬೀಜಕಣಗಳು ನೀರಿನ ತೆಳುಪೊರೆಯಲ್ಲಿ ಈಜಿ, ಮಳೆಹನಿಯ ಸಿಡಿತದಿಂದ ಕೊನೆಯಿಂದ ಕೊನೆಗೆ ಹರಡುತ್ತವೆ. ಎಂದ ಮೇಲೆ ಕೊಟ್ಟೆ ಕಟ್ಟಿದವನ ತರ್ಕ ಸರಿಯಾಗಿಯೇ ಇತ್ತು. ಅವನಿಗೆ ಕಾಣದಿದ್ದುದು ಜೀವಿ ಮಾತ್ರ. ಕೋಲ್ಮನ್ನರು ಬಳಕೆಗೆ ತಂದ ಬೋರ್ಡೋ ದ್ರಾವಣ ಸಂಸ್ಥಾನದ ಗಡಿಯನ್ನು ಲೆಕ್ಕಿಸದೆ ಈ ಕಡೆಯ ತೋಟಗಳಿಗೂ ಬಂದು ನೆಲೆಯೂರಿತು. ಮಳೆಗಾಲಕ್ಕೆ ಮುಂಚೆ ಒಂದು ಸಲ, ಸುಮಾರು 40 ದಿನಗಳ ಬಳಿಕ ಮತ್ತೊಂದು ಸಲ ಮದ್ದು ಹೊಡೆಯುವುದು ಇಂದಿಗೂ ಇಲ್ಲಿಯ ವಾರ್ಷಿಕ ಕರ್ಮ. 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ ಮತ್ತು ಸುಣ್ಣ. ಪಾಕ ಹದವಾಯಿತೇ ಎಂದು ನೋಡಲು ಕಬ್ಬಿಣದ ಕತ್ತಿಯನ್ನು ಅದ್ದುತ್ತಾರೆ. ಕತ್ತಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ತಾಮ್ರವು ಕಬ್ಬಿಣದ ಮೇಲೆ ಕೂರುವ ಈ ಕ್ರಿಯೆ ನಮ್ಮ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಪಾಠ. ಇಲ್ಲಿ ಅದು ಕೊನೆಗೌಡನ ಕೈಗೆ ಗೊತ್ತು.

ಪ್ರಭಾವ ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲವೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. ಕಾಫಿ ಗಿಡದ ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ ಎಂಬ ವಿದ್ವಾಂಸರು 1876ರಲ್ಲಿ ಕೊಟ್ಟ ಲ್ಯಾಟಿನ್ ಹೆಸರು ‘ಪೆಲಿಕ್ಯುಲೇರಿಯ ಕೊಳೆರೋಗ’. ಪಾರಿಭಾಷಿಕ ಪದಗಳಿಗಾಗಿ ಸಂಸ್ಕೃತವನ್ನು ಜಾಲಾಡುತ್ತಿದ್ದ ಕಾಲಕ್ಕೆ ಬಹು ಮೊದಲೇ ತೋಟದ ಕನ್ನಡ ವಿಜ್ಞಾನದ ಪಟ್ಟಿಯನ್ನು ಸೇರಿಯಾಗಿತ್ತು.

ಪ್ರಕೃತ ಸ್ಥಿತಿಯೇನು? ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಹುಟ್ಟುಹಾಕಿದ ಬೆಂಗಳೂರು ವಿಜ್ಞಾನ ವೇದಿಕೆ ವಾರವಾರವೂ ಉಪನ್ಯಾಸ ನಡೆಸಿ ದೊಡ್ಡ ಪರಂಪರೆಯನ್ನೇ ಬೆಳೆಸಿತು. ಈಚೆಗೆ ವಿಶ್ವವಿದ್ಯಾಲಯಗಳೂ ಸಂಶೋಧನ ಸಂಸ್ಥೆಗಳೂ ತಮ್ಮ ಭಾಷಣಗಳನ್ನು ಧ್ವನಿಮುದ್ರಿಸಿ ಅಂತರ್ಜಾಲದಲ್ಲಿರಿಸುತ್ತಿವೆ. ದೂರದ ತೊಡಕು ಇದರಿಂದ ಬಹುಮಟ್ಟಿಗೆ ಕಳೆಯಿತು. ನಾವು ವಾನಳ್ಳಿಯ ಕಡೆ ಹೋಗಿದ್ದಾಗ ದೂರವಾಣಿಯ ಸಂಕೇತ ದಿಬ್ಬದ ಮೇಲೆ ಸಿಕ್ಕು ತೋಟಕ್ಕಿಳಿಯುವಲ್ಲಿ ಕಳೆದುಹೋಗುತ್ತಿತ್ತು. ಆದರೆ ಮೊದಲೇ ಇಳಿಸಿಕೊಂಡ ಮಾತನ್ನು ತೋಟದಲ್ಲಿಯೂ ಕೇಳಬಹುದು. ಭಾಷೆಯ ತೊಡಕೋ 1918ರಲ್ಲಿದ್ದಲ್ಲಿಯೇ ಇದೆ. ಇಂತಹ ಮುದ್ರಣಗಳಲ್ಲಿ ನಮ್ಮ ಕಿವಿಗೆ ಬಿದ್ದವು ಹೆಚ್ಚಾಗಿ ಇಂಗ್ಲಿಷಿನವು. ಬೆಳ್ಳಾವೆಯವರು ಯಾವ ಸೌಕರ್ಯವೂ ಇಲ್ಲದೆ ಕನ್ನಡದಲ್ಲಿ ಮಾಡಹೊರಟುದನ್ನು, ಸಕಲ ಸೌಕರ್ಯಗಳಿರುವ ನಾವು ಇಂಗ್ಲಿಷಿನಲ್ಲಿ ಮಾಡಿ ತೃಪ್ತರಾಗಿದ್ದೇವೆ.

ಇತಿಹಾಸಕಾರರಾಗಿ ನಮ್ಮ ಪಾಲಿನ ಲೋಪವೂ ಇದೆ. ಉಪನ್ಯಾಸಕರ ಹೆಸರು, ದಿನಾಂಕ, ವಿಷಯಗಳನ್ನು ನಾವು ಜೋಪಾನವಾಗಿ ಬರೆದಿಟ್ಟೆವು. ಭಾಷಣ ಮುಗಿದ ಮೇಲೆ ಎದ್ದುನಿಂತು ಪ್ರಶ್ನೆ ಕೇಳಿದವನ ಮಾತನ್ನು ಬರೆದಿಡಲಿಲ್ಲ. 1950ರ ದಶಕದಲ್ಲಿ ಧಾರವಾಡದ ಬಾನುಲಿಗೆ ಕಿವಿಗೊಟ್ಟು ಬೆಳೆದ ಮಕ್ಕಳು ಇಂದು ಎಂಬತ್ತರ ಅಂಚಿನಲ್ಲಿದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಅಂಥವರ ನೆನಪುಗಳನ್ನು ಅವರ ಧ್ವನಿಯಲ್ಲಿಯೇ ಮುದ್ರಿಸಿಕೊಳ್ಳುವ ಕೆಲಸವನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಆರಂಭಿಸಬೇಕೆಂದಿದ್ದೇವೆ. ಮದ್ದು ಹೊಡೆಯುವ ದಿನಗಳಲ್ಲಿ ಈ ಕಡೆ ಮಾತಿಗೆ ಯಾರೂ ಸಿಕ್ಕುವುದಿಲ್ಲ.