ಹೊಟ್ಟು ಡಬ್ಬಿಗೆ, ಧೂಳು ಎಲ್ಲಿಗೆ?

ಬಿಗಿ ಮುಚ್ಚಳದ ಒಂದು 20 ಲೀಟರಿನ ಪೇಂಟ್ ಬಕೆಟ್, ಎರಡು ತುಂಡು ಪಿವಿಸಿ ಪೈಪು, ಒಂದು ಎಲ್ಬೋ, ಸಂದು ಮುಚ್ಚಲು ಸ್ವಲ್ಪ ಸಿಲಿಕಾನ್. ಸಣ್ಣ ಮರಗೆಲಸದ ಅಂಗಡಿಯಲ್ಲಿ ಧೂಳು ಬೇರ್ಪಡಿಸುವ ಸಾಧನವೊಂದನ್ನು ಕೈಯಾರೆ ಮಾಡಿಕೊಳ್ಳಲು ಇಷ್ಟು ಸಾಕು. ಗರಗಸದ ಯಂತ್ರಕ್ಕೂ ವ್ಯಾಕ್ಯೂಮ್ ಕ್ಲೀನರಿಗೂ ನಡುವೆ ಈ ಬಕೆಟ್ ಕೂರುತ್ತದೆ. ಯಂತ್ರದಿಂದ ಬರುವ ಗಾಳಿ ಬಕೆಟ್ಟಿನ ಒಳಗೋಡೆಯನ್ನು ಸವರಿಕೊಂಡು ಒಳನುಗ್ಗಿ ಸುತ್ತತೊಡಗುತ್ತದೆ. ಅದರೊಡನೆ ಬಂದ ಹೊಟ್ಟು ಗೋಡೆಯತ್ತ ಸರಿದು, ವೇಗ ಕಳೆದುಕೊಂಡು ತಳಕ್ಕೆ ಬೀಳುತ್ತದೆ. ಗಾಳಿ ಮಾತ್ರ ಮುಚ್ಚಳದ ನಡುವಿನ ಪೈಪಿನ ಮೂಲಕ ವ್ಯಾಕ್ಯೂಮಿನ ಕಡೆಗೆ ಹೋಗುತ್ತದೆ.

ಕಣದಲ್ಲಿ ರಾಶಿ ತೂರುವುದನ್ನು ಕಂಡವರಿಗೆ ಇದರ ತತ್ವ ಹೊಸದೇನಲ್ಲ. ಎತ್ತಿ ಹಿಡಿದ ಮೊರದಿಂದ ತೂಕದ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ಗಾಳಿಯ ಜೊತೆ ಹೋಗುತ್ತದೆ. ಕಣದಲ್ಲಿ ಕೆಲಸ ಮಾಡುವುದು ಭೂಮಿಯ ಸೆಳೆತ. ಬಕೆಟ್ಟಿನಲ್ಲಿ ಗಾಳಿಯನ್ನು ಜೋರಾಗಿ ತಿರುಗಿಸಿ, ಆ ಸೆಳೆತಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಬಲವನ್ನು ಹುಟ್ಟಿಸಲಾಗುತ್ತದೆ. ಆದರೆ ಈ ಸಾಧನ ಹುಟ್ಟಿದ್ದು ಬಡಗಿಗಳಿಗಾಗಿ ಅಲ್ಲ. ಅದರ ತವರು ಹಿಟ್ಟಿನ ಗಿರಣಿ.

1878ರ ಮೇ 2ರ ಸಂಜೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಶ್‌ಬರ್ನ್ ‘ಎ’ ಗಿರಣಿ ಸ್ಫೋಟಿಸಿತು. ಸತ್ತವರು 18 ಮಂದಿ. ನೆರೆಯ ಗಿರಣಿಗಳೂ ನಾಶವಾದವು. ಗಿರಣಿಯಲ್ಲಿ ಮದ್ದುಗುಂಡು ಇರಲಿಲ್ಲ, ಇದ್ದದ್ದು ಗೋಧಿ ಹಿಟ್ಟಿನ ಧೂಳು. ಧಾನ್ಯವಿಲ್ಲದೆ ಒಣಗಿ ತಿರುಗಿದ ಬೀಸುಕಲ್ಲುಗಳ ಕಿಡಿಯಿಂದ ಬೆಂಕಿ ಹೊತ್ತಿತು ಎಂದು ತನಿಖೆ ತೀರ್ಮಾನಿಸಿತು. ಮಿನೆಸೋಟ ವಿಶ್ವವಿದ್ಯಾಲಯದ ಪೆಕ್ ಮತ್ತು ಪೆಕ್‌ಹ್ಯಾಮ್ ಎಂಬ ಪ್ರಾಧ್ಯಾಪಕರು ಗಾಳಿಯಲ್ಲಿ ತೇಲುವ ಹಿಟ್ಟು ಹೇಗೆ ಸಿಡಿಯುತ್ತದೆ ಎಂಬುದನ್ನು ಪ್ರಯೋಗ ಮಾಡಿ ತೋರಿಸಿದರು. ಹಿಟ್ಟಿನ ಧೂಳು ಸಿಡಿಯುತ್ತದೆ ಎಂಬುದು ಆಗಲೇ ಹಳೆಯ ವಿಷಯ. 1785ರ ಡಿಸೆಂಬರಿನಲ್ಲಿ ಇಟಲಿಯ ಟ್ಯೂರಿನ್‌ನ ಬೇಕರಿಯೊಂದರಲ್ಲಿ ನಡೆದ ಇಂಥದೇ ಸ್ಫೋಟದ ಬಗ್ಗೆ ಕೌಂಟ್ ಮೊರೊಟ್ಜೊ ವಿವರವಾಗಿ ಬರೆದಿದ್ದ.

ಮಿನಿಯಾಪೊಲಿಸ್ ಗಿರಣಿಗಳಲ್ಲಿ ಅಪಾಯ ಹೆಚ್ಚಲು ಒಂದು ಕಾರಣವಿತ್ತು. ಬಿಳಿ ಹಿಟ್ಟಿಗೆ ಬೇಡಿಕೆ ಏರಿದಾಗ, ತೌಡನ್ನು ಗಾಳಿಯಿಂದ ಹಾರಿಸಿ ಬೇರ್ಪಡಿಸುವ ಯಂತ್ರಗಳು ಬಂದಿದ್ದವು. ಹಿಟ್ಟು ಬೆಳ್ಳಗಾಯಿತು, ಗಿರಣಿಯೊಳಗಿನ ಗಾಳಿ ಧೂಳಾಯಿತು. ಆ ಧೂಳನ್ನು ಒಂದು ಕೋಣೆಗೆ ಊದಿ ತಾನಾಗಿ ಕೂರಲು ಬಿಡುವುದು ಒಂದು ಉಪಾಯ, ಬಟ್ಟೆಯಲ್ಲಿ ಸೋಸುವುದು ಇನ್ನೊಂದು. ಕೋಣೆ ತಾನೇ ಮದ್ದಿನ ಮನೆಯಂತಾಗುತ್ತಿತ್ತು, ಬಟ್ಟೆ ಬೇಗ ಕಟ್ಟಿಕೊಳ್ಳುತ್ತಿತ್ತು.

1885ರಲ್ಲಿ ಮಿಶಿಗನ್ ರಾಜ್ಯದ ಜ್ಯಾಕ್ಸನ್ ಊರಿನ ನಿಕರ್‌ಬಾಕರ್ ಕಂಪನಿಯ ಪರವಾಗಿ ಜಾನ್ ಫಿಂಚ್ ಪಡೆದ ಪೇಟೆಂಟ್ ಬೇರೆ ದಾರಿ ತೋರಿಸಿತು. ಗಾಳಿಯನ್ನು ತಗಡಿನ ಪಾತ್ರೆಯೊಂದರೊಳಗೆ ಓರೆಯಾಗಿ ಬಿಟ್ಟು ಸುತ್ತಿಸಿದರೆ ಧೂಳು ಕೆಳಗಿನ ಬಾಯಿಂದ ಇಳಿಯುತ್ತದೆ, ಗಾಳಿ ಮೇಲಿನಿಂದ ಹೋಗುತ್ತದೆ. ಒಳಗೆ ತಿರುಗುವ ಭಾಗವಿಲ್ಲ, ತೊಳೆಯಬೇಕಾದ ಬಟ್ಟೆಯೂ ಇಲ್ಲ. ಕಂಪನಿ ಅದನ್ನು ‘ಸೈಕ್ಲೋನ್’ ಎಂಬ ಹೆಸರಿನಲ್ಲಿ ಮಾರಿತು.

ಆ ಪದದ ಹುಟ್ಟೂರು ಕೋಲ್ಕತಾ. ಬಂಗಾಳ ಕೊಲ್ಲಿಯ ಚಂಡಮಾರುತಗಳನ್ನು ಅಭ್ಯಾಸ ಮಾಡುತ್ತಿದ್ದ ಹೆನ್ರಿ ಪಿಡಿಂಗ್ಟನ್ 1848ರಲ್ಲಿ ನಾವಿಕರಿಗಾಗಿ ಬರೆದ ಕೈಪಿಡಿಯಲ್ಲಿ, ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಪದದಿಂದ ‘ಸೈಕ್ಲೋನ್’ ಎಂಬ ಹೆಸರನ್ನು ಕಟ್ಟಿದ. ಹಡಗುಗಳನ್ನು ಮುಳುಗಿಸುತ್ತಿದ್ದ ಸುಳಿಯ ಹೆಸರು ನಾಲ್ಕು ದಶಕ ಕಳೆಯುವುದರೊಳಗೆ ಹಿಟ್ಟು ಹಿಡಿಯುವ ತಗಡಿನ ಪಾತ್ರೆಗೆ ಬಂದಿತ್ತು.

ಗಿರಣಿಗೆ ಒಗ್ಗಿದ್ದು ಮರದ ಕಾರ್ಖಾನೆಗೂ ಒಗ್ಗಿತು. ಸಾಮಿಲ್‌ಗಳ ಛಾವಣಿಯ ಮೇಲೆ ಎತ್ತರದ ತಗಡಿನ ಶಂಕುಗಳು ನಿಂತವು. ಅವುಗಳಿಂದ ಇಳಿದ ಹೊಟ್ಟು ಬಾಯ್ಲರಿನ ಉರುವಲಾಯಿತು. 1951ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯ ಸಿ. ಜೆ. ಸ್ಟೇರ್ಮಂಡ್ ಸೈಕ್ಲೋನಿನ ಅಳತೆಗಳನ್ನು ಪ್ರಕಟಿಸಿದ. ಅದರಂತೆ ಎತ್ತರವು ಅಗಲದ 4 ಪಟ್ಟು, ಮೇಲಿನ ನೇರ ಭಾಗ ಅಗಲದ ಒಂದೂವರೆ ಪಟ್ಟು, ಗಾಳಿ ಹೊರಹೋಗುವ ಪೈಪು ಅಗಲದ ಅರ್ಧ. ಇಂದಿಗೂ ಸೈಕ್ಲೋನ್ ವಿನ್ಯಾಸ ಮಾಡುವವರು ಲೆಕ್ಕ ಶುರುಮಾಡುವುದು ಹೆಚ್ಚಾಗಿ ಇಂಥ ಅನುಪಾತಗಳಿಂದಲೇ.

ಅಲ್ಲಿಯವರೆಗೆ ಧೂಳು ಎಂದರೆ ಬೆಂಕಿಯ ಭಯ, ಇಲ್ಲವೇ ಉರುವಲಿನ ಲಾಭ. ಕೆಲಸಗಾರನ ಮೂಗು ಲೆಕ್ಕಕ್ಕೆ ಬಂದದ್ದು 1960ರ ದಶಕದಲ್ಲಿ. ಇಂಗ್ಲೆಂಡಿನ ಹೈ ವಿಕಮ್ ಕುರ್ಚಿ ತಯಾರಿಕೆಗೆ ಹೆಸರಾದ ಊರು. ಅಲ್ಲಿನ ಕಿವಿ-ಮೂಗು-ಗಂಟಲಿನ ಶಸ್ತ್ರವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್, ಬಹಳ ಅಪರೂಪವಾದ ಒಂದು ಬಗೆಯ ಮೂಗಿನ ಕ್ಯಾನ್ಸರ್ ತಮ್ಮ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣುತ್ತಿರುವುದನ್ನು ಗಮನಿಸಿದರು. ಆ ರೋಗಿಗಳು ಪೀಠೋಪಕರಣದ ಕೆಲಸಗಾರರು. ಹ್ಯಾಡ್‌ಫೀಲ್ಡ್, ಅಚೆಸನ್ ಮತ್ತು ಸಂಗಡಿಗರ ಅಧ್ಯಯನ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯಂತ್ರಗಳ ನಡುವೆ ಮರದ ಧೂಳಿನಲ್ಲಿ ದುಡಿದವರಿಗೆ ಈ ಕಾಯಿಲೆ ಸಾಮಾನ್ಯ ಜನರಿಗಿಂತ ನೂರಾರು ಪಟ್ಟು ಹೆಚ್ಚಾಗಿ ಬರುತ್ತಿತ್ತು, ಅದೂ ಕೆಲಸಕ್ಕೆ ಸೇರಿದ ಎಷ್ಟೋ ದಶಕಗಳ ನಂತರ. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಕಾರ್ಖಾನೆಯ ಛಾವಣಿಯಿಂದ ಮನೆಯೊಳಗೆ ಸೈಕ್ಲೋನನ್ನು ಇಳಿಸಿದವರಲ್ಲಿ ಪ್ರಸಿದ್ಧನಾದವನು ಜೇಮ್ಸ್ ಡೈಸನ್. 1970ರ ದಶಕದ ಕೊನೆಯಲ್ಲಿ ಸಾಮಿಲ್ಲೊಂದರ ಸೈಕ್ಲೋನ್ ನೋಡಿದ ಆತ, ಅದನ್ನೇ ಪುಟ್ಟದು ಮಾಡಿ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್ ಕಟ್ಟಲು ಹೊರಟ. ಮೊದಲ ಮಾದರಿ ರಟ್ಟಿನದು. ತೃಪ್ತಿಯಾಗುವ ಹೊತ್ತಿಗೆ ಮಾದರಿಗಳ ಸಂಖ್ಯೆ 5,127 ಆಗಿತ್ತು. ಹವ್ಯಾಸಿ ಮರಗೆಲಸಗಾರರು ಇನ್ನೂ ಅಗ್ಗದ ದಾರಿ ಹಿಡಿದರು. ಬಕೆಟ್ಟಿನ ಮೇಲೆ ಬಕೆಟ್ ಇಟ್ಟರು, ರಸ್ತೆಯಲ್ಲಿ ಇಡುವ ಕಿತ್ತಳೆ ಬಣ್ಣದ ಟ್ರಾಫಿಕ್ ಕೋನನ್ನು ತಲೆಕೆಳಗು ಮಾಡಿ ಶಂಕುವಾಗಿಸಿದರು. ಎತ್ತರಕ್ಕೆ ಜಾಗವಿಲ್ಲದವರು ‘ಥೀನ್ ಬ್ಯಾಫಲ್’ ಎಂಬ ತಟ್ಟೆ ಬಳಸಿದರು. ಅದರ ಅಂಚಿನಲ್ಲಿ 240 ಡಿಗ್ರಿಯಷ್ಟು ಉದ್ದದ ಸೀಳು ಇರುತ್ತದೆ. ಹೊಟ್ಟು ಆ ಸೀಳಿನಿಂದ ಕೆಳಗಿಳಿಯುತ್ತದೆ, ತಟ್ಟೆಯ ಮರೆಯಿರುವುದರಿಂದ ಗಾಳಿ ಅದನ್ನು ಮತ್ತೆ ಎಬ್ಬಿಸಲಾರದು.

ಇವೆಲ್ಲದರ ಹಣೆಬರಹ ಮುಚ್ಚಳದ ಬಿಗಿಯಲ್ಲಿದೆ. ಬಕೆಟ್ಟಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುವುದರಿಂದ, ತಳದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿಂದ ನುಗ್ಗಿದ ಗಾಳಿ ಕೂತ ಹೊಟ್ಟನ್ನು ಎಬ್ಬಿಸಿ ಮೇಲಿನ ಪೈಪಿಗೆ ಕಳಿಸುತ್ತದೆ. ಒಳಬರುವ ಪೈಪು ಕಟ್ಟಿಕೊಂಡರೆ ತೆಳು ಬಕೆಟ್ ನಜ್ಜುಗುಜ್ಜಾಗುತ್ತದೆ.

ಇನ್ನೊಂದು ಮಿತಿ ಕಣ್ಣಿಗೆ ಬೀಳುವುದಿಲ್ಲ. ಕಣ ಸಣ್ಣದಾದಷ್ಟೂ ಸುಳಿಯ ಹಿಡಿತ ಸಡಿಲ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಸ್ಯಾಂಡರ್ ಎಬ್ಬಿಸುವ, ಎಂಡಿಎಫ್ ಕೊಯ್ದಾಗ ಏಳುವ ಧೂಳಿನಲ್ಲಿ 10 ಮೈಕ್ರಾನಿಗಿಂತ ಸಣ್ಣ ಕಣಗಳೂ ಧಾರಾಳ. ಅವುಗಳಲ್ಲಿ ಬಹುಪಾಲು ಬಕೆಟ್ಟಿನಿಂದ ಪಾರಾಗಿ ಗಾಳಿಯ ಜೊತೆಗೇ ಹೋಗುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವಂಥವು ಇರುವುದೂ ಇವುಗಳಲ್ಲೇ. ತುಂಬಿದ ಬಕೆಟ್ ನೋಡಿ ಅಂಗಡಿ ಶುದ್ಧವಾಯಿತು ಎಂದುಕೊಂಡರೆ, ಹಿಡಿದದ್ದು ಹೊಟ್ಟು, ಬಿಟ್ಟದ್ದು ಕಾಯಿಲೆ.

ಭಾರತದಲ್ಲಿ 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಮು ಧೂಳನ್ನು ಅದು ಹುಟ್ಟುವ ಜಾಗದ ಹತ್ತಿರದಲ್ಲೇ ಹೀರಿ ತೆಗೆಯಬೇಕೆಂದು ಹೇಳಿತು. ಮಾತು ಸರಿಯಾಗಿಯೇ ಇತ್ತು. ಆದರೆ ಅದೇ ಕಾಯ್ದೆಯಲ್ಲಿ ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಬಳಸುವ ಕಡೆ 10 ಮಂದಿ, ಬಳಸದ ಕಡೆ 20 ಮಂದಿ ಕೆಲಸಗಾರರಿರಬೇಕಿತ್ತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಸಂಖ್ಯೆಗಳನ್ನು 20 ಮತ್ತು 40ಕ್ಕೆ ಏರಿಸಿತು. ದೆಹಲಿಯ ಕೀರ್ತಿ ನಗರದಲ್ಲೋ ಮುಂಬೈನ ಓಶಿವಾರಾದಲ್ಲೋ ಮೂರು-ನಾಲ್ಕು ಜನ ದುಡಿಯುವ ಮಳಿಗೆ ಈ ಲೆಕ್ಕಕ್ಕೆ ಸಿಗುವುದಿಲ್ಲ. ಪುಣೆ, ಹೈದರಾಬಾದ್‌ಗಳ ಹೊಸ ಫ್ಲ್ಯಾಟುಗಳಲ್ಲಿ ಅಡುಗೆಮನೆಯ ಕಪಾಟು ಮಾಡುತ್ತಾ, ರಾತ್ರಿ ಅಲ್ಲೇ ಧೂಳು ಸರಿಸಿ ಮಲಗುವ ಬಡಗಿಗಳೂ ಸಿಗುವುದಿಲ್ಲ.

ಹಾಗಾಗಿ ಸಣ್ಣ ಅಂಗಡಿಯ ರಕ್ಷಣೆ ಬಹುಮಟ್ಟಿಗೆ ಅಂಗಡಿಯವರ ಕೈಯಲ್ಲೇ ಉಳಿದಿದೆ. ಬಕೆಟ್ಟಿನಿಂದ ಲಾಭವಿಲ್ಲದಿಲ್ಲ. ಒರಟು ಹೊಟ್ಟು ಅಲ್ಲೇ ನಿಲ್ಲುವುದರಿಂದ ವ್ಯಾಕ್ಯೂಮಿನ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ, ಹೀರುವ ಬಲ ಉಳಿಯುತ್ತದೆ, ನಯವಾದ ಧೂಳು ಹಿಡಿಯುವ ದುಬಾರಿ ಫಿಲ್ಟರ್ ಹಾಕಿದರೂ ಬಾಳಿಕೆ ಬರುತ್ತದೆ. ಸುಳಿಯ ಹಿಂದೆ ಆ ಫಿಲ್ಟರ್ ಇರಬೇಕು, ಇಲ್ಲವೇ ಗಾಳಿಯನ್ನು ಜನರಿಲ್ಲದ ಕಡೆ ಹೊರಗೆ ಬಿಡಬೇಕು. ಮೂಗಿಗೆ ಸರಿಯಾಗಿ ಕೂರುವ ಮಾಸ್ಕನ್ನು ಯಂತ್ರ ನಿಂತ ಕೂಡಲೇ ತೆಗೆಯಬಾರದು. ಗರಗಸ ಸುಮ್ಮನಾದ ಮೇಲೂ ಆ ಸಣ್ಣ ಧೂಳು ಬಹಳ ಹೊತ್ತು ಗಾಳಿಯಲ್ಲೇ ತೇಲುತ್ತಿರುತ್ತದೆ.