ಎರಡು ಎಣ್ಣೆಗಳು

ಮಲಬದ್ಧತೆಗೆ ಆಲಿವ್ ಎಣ್ಣೆ ಕುಡಿಯುವುದು ಬಹಳ ಹಳೆಯ ಮನೆಮದ್ದು. 1ನೇ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡೀಸ್ ಅದು ಹೊಟ್ಟೆಯನ್ನು ಮೆದುವಾಗಿಸುತ್ತದೆ ಎನ್ನುತ್ತಾನೆ. ಬಾರ್ಲಿ ಗಂಜಿಯೊಡನೆ ಕೊಡಲು ಹೇಳುತ್ತಾನೆ. ಅದೇ ಗ್ರಂಥದಲ್ಲಿ ಹರಳು ಬೀಜದ ಮಾತೂ ಬರುತ್ತದೆ: ಭೇದಿಯಾಗುತ್ತದೆ, ಆದರೆ ಹೊಟ್ಟೆಯನ್ನೆಲ್ಲ ಕಲಕಿ ಹಿಂಸೆ ಕೊಡುತ್ತದೆ. (ಹರಳೆಣ್ಣೆ ಕುಡಿದು ಬೆಳೆದ ನಮ್ಮ ಹಿರಿಯರಿಗೆ ಇದನ್ನು ಗ್ರೀಕರು ಹೇಳಬೇಕಾಗಿರಲಿಲ್ಲ.) ಆಲಿವ್ ಎಣ್ಣೆ ಮಲವನ್ನು ಜಾರಿಸುತ್ತದೆ ಅಷ್ಟೆ, ಹರಳೆಣ್ಣೆಯ ರಿಸಿನೋಲಿಕ್ ಆಮ್ಲ ಕರುಳನ್ನೇ ಹಿಂಡುತ್ತದೆ.

ಈ ವ್ಯತ್ಯಾಸ ಇಟಲಿಯ ಫ್ಯಾಸಿಸ್ಟರಿಗೂ ಗೊತ್ತಿತ್ತು. ಆಲಿವ್ ಎಣ್ಣೆಯ ನಾಡಿನಲ್ಲಿ, 1920ರ ದಶಕದಲ್ಲಿ, ಮುಸೊಲಿನಿಯ ಕಪ್ಪಂಗಿ ದಳದವರು ಸಮಾಜವಾದಿಗಳನ್ನು, ಕಾರ್ಮಿಕ ಮುಖಂಡರನ್ನು ಹಿಡಿದು ಬಾಯಿಗೆ ಸುರಿದದ್ದು ಹರಳೆಣ್ಣೆ. ಅವರಿಗೆ ಬೇಕಿದ್ದದ್ದು ನೋವಿಗಿಂತ ಹೆಚ್ಚಾಗಿ ಅವಮಾನ: ಬಟ್ಟೆಯೆಲ್ಲ ಹೊಲಸಾಗಿ, ಊರ ಜನರೆದುರೇ ನಡೆದು ಮನೆ ಸೇರಬೇಕು. ಮೈಯ ನೀರು ಬತ್ತಿ ಸತ್ತವರೂ ಇದ್ದರು.