ಇಂಜಿನ್ ಬಿಚ್ಚಬೇಕಾ, ಬ್ಯಾಡಾ? ಮೈಸೂರಿನ ಯೆಜ್ಡಿ ಮತ್ತು ಜೀರ್ಣೋದ್ಧಾರದ ಲೆಕ್ಕ

ಭಾಗ 1

ನಿಮ್ಮ ಮನಿ ಹಿತ್ತಲದಾಗ ಗೋಣಿಚೀಲ ಹೊಚ್ಚಿಕೊಂಡು ಒಂದು ಹಳೇ ಯೆಜ್ಡಿ ನಿಂತೈತೇನ್ರಿ? ಹಂಗಿದ್ರ ಈ ಸರಣಿ ನಿಮಗೇ. ಇಲ್ಲಾಂದ್ರೂ ಓದ್ರಿ, ನಮ್ಮ ರಾಜ್ಯದಾಗೇ ಹುಟ್ಟಿ ಇಲ್ಲೇ ಕಣ್ಣು ಮುಚ್ಚಿದ ಒಂದು ಫ್ಯಾಕ್ಟರಿ ಕಥಿ ಇದರಾಗೈತಿ.

ಪ್ರಶ್ನೆ ಸಣ್ಣದು. ಹಳೇ ಗಾಡಿ ರೆಸ್ಟೋರ್ ಮಾಡುವಾಗ ಇಂಜಿನ್ ಪೂರ್ತಿ ಬಿಚ್ಚಿ ಬೋರ್ ಹೊಡಿಸಿ, ಕ್ರ್ಯಾಂಕ್ ಸೆಟ್ ಬದಲಿಸಿ ಹೊಸದಾಗಿ ಕಟ್ಟಬೇಕಾ? ಅಥವಾ ಕಿಕ್ ಹೊಡೆದ್ರ ಸ್ಟಾರ್ಟ್ ಆಗ್ತೈತಿ ಅಂದ್ಮ್ಯಾಲೆ ಹಂಗೇ ಬಿಡಬೇಕಾ? ಬಣ್ಣ, ಕ್ರೋಮ್, ಸೀಟು ಇವು ಯಾವಾಗ ಬೇಕಾದ್ರೂ ಆಗ್ತಾವು. ಇಂಜಿನ್ ವಿಷಯದಾಗ ಮಾತ್ರ ಒಮ್ಮೆ ಕೈ ಹಾಕಿದ್ರ ಹಿಂದಕ್ಕ ಬರೋ ದಾರಿ ಇಲ್ಲ. ಯಾಕೆ ಅಂತ ತಿಳಿಯಾಕ ಮೊದಲು ಮೈಸೂರಿಗೆ ಹೋಗಬೇಕು.

ಭಾಗ 2

ಜಾವಾ ಅನ್ನೋದು ಎರಡು ಹೆಸರುಗಳ ತುಂಡು. ಚೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿನ್ಯಾಸ ಕೊಂಡು ಕೆಲಸ ಶುರು ಮಾಡಿದ. ಅವನ ಹೆಸರಿನ ‘ಜಾ’, ವಾಂಡರರ್‌ನ ‘ವಾ’. ಅದೇ ಜಾವಾವನ್ನು ಇಲ್ಲೇ ತಯಾರಿಸಲು ರುಸ್ತುಂ ಇರಾನಿ, ಫಾರೋಖ್ ಇರಾನಿ ಅವರು ‘ಐಡಿಯಲ್ ಜಾವಾ’ ಕಂಪನಿ ಕಟ್ಟಿದರು. ಮೈಸೂರಿನ ಯಾದವಗಿರಿಯಲ್ಲಿ ಫ್ಯಾಕ್ಟರಿ ಎದ್ದಿತು. 1961ರಲ್ಲಿ ಉತ್ಪಾದನೆ ಶುರುವಾಯಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಮಹಾರಾಜರಾಗಿದ್ದವರೇ ಬಂದು ಚಾಲನೆ ಕೊಟ್ಟ ಬೈಕು ಅಂದ್ರ ಸಾಮಾನ್ಯ ಏನ್ರಿ!

1973ರ ಹೊತ್ತಿಗೆ ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ಡಿ ಬಂತು. ಹೆಸರು ಬದಲಾಯ್ತು, ಇಂಜಿನ್ ವಂಶ ಅದೇ ಉಳೀತು. 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರು, ಆದ್ರ ಸೈಲೆನ್ಸರ್ ಎರಡು. ಕಿಕ್ ಹೊಡಿಯೋ ಲಿವರೇ ಗೇರ್ ಹಾಕೋ ಲಿವರು. 65 ಮಿಮೀ ಬೋರು, 75 ಮಿಮೀ ಸ್ಟ್ರೋಕು. ಬೋರಿಗಿಂತ ಸ್ಟ್ರೋಕ್ ಉದ್ದ, ಅದಕ್ಕೇ ಆ ಗಾಡಿ ಕಡಿಮೆ ಆರ್‌ಪಿಎಂನಾಗೂ ಎಮ್ಮೆ ಎಳೆದ್ಹಂಗ ಎಳೀತೈತಿ. 1978ರಾಗ ರೋಡ್‌ಕಿಂಗ್ ಬಂತು, ಆ ಕಾಲದ ಹುಡುಗರ ಕನಸಿನ ಗಾಡಿ. (1983ರಲ್ಲಿ ಬಂದ ರಾಜದೂತ್ 350 ಇನ್ನೂ ಜೋರು, ಒಪ್ಪತೀನಿ. ಅದರ ಅಭಿಮಾನಿಗಳು ಸಿಟ್ಟಾಗಬ್ಯಾಡ್ರಿ.)

ಆಮ್ಯಾಲೆ ಜಪಾನಿನ 100 ಸಿಸಿ ಗಾಡಿಗಳು ಬಂದವು. 1985ರ ಹೀರೋ ಹೋಂಡಾ ಸಿಡಿ 100 ಕುಡಿಯೋ ಪೆಟ್ರೋಲಿನ ಮುಂದ ಯೆಜ್ಡಿ ಕುಡಿಯೋದು ಲೆಕ್ಕಕ್ಕೇ ಸಿಗತಿರಲಿಲ್ಲ. ಹೊಗೆ ನಿಯಮಗಳೂ ಬಿಗಿಯಾದವು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ತಿರುಗಿ ಬಂದವು ನಿಜ, ಆದ್ರ ಅವು ಬೇರೆ ಗಾಡಿಗಳು, ಫೋರ್ ಸ್ಟ್ರೋಕ್. ಅವುಗಳ ಪಿಸ್ಟನ್ ನಿಮ್ಮ ಹಳೇ ಗಾಡಿಗೆ ಕೂಡಂಗಿಲ್ಲ.

ಭಾಗ 3

ಈಗ ಇಂಜಿನ್ ಒಳಗ ಹೋಗೋಣ. ಇದು ಸ್ವಲ್ಪ ಉದ್ದ ಐತಿ, ಆದ್ರ ನಿಮ್ಮ ರೊಕ್ಕ ಉಳಿಸೋ ಭಾಗ ಇದೇ.

ಟೂ ಸ್ಟ್ರೋಕ್ ಇಂಜಿನ್‌ನಾಗ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸೇ ಒಂದು ಪಂಪು. ಪೆಟ್ರೋಲು, ಗಾಳಿ ಮೊದಲು ಅಲ್ಲಿಗೆ ಬಂದು ಆಮೇಲೆ ಮೇಲೆ ಏರಬೇಕು. ಆ ಪಂಪು ಸೋರಬಾರದು ಅಂತ ಕ್ರ್ಯಾಂಕಿನ ಎರಡೂ ಕಡೆ ರಬ್ಬರ್ ಆಯಿಲ್ ಸೀಲ್ ಇರ್ತಾವು. ಕ್ಲಚ್ ಕಡೆ ಸೀಲ್ ಹೋದ್ರ ಅಲ್ಲಿನ ಆಯಿಲ್ ಒಳಗ ಎಳಕೊಂಡು ಬಿಳಿ ಹೊಗಿ ಹೊಡೀತೈತಿ. ಡೈನಮೋ ಕಡೆ ಹೋದ್ರ ಹೊರಗಿನ ಗಾಳಿ ನುಗ್ಗಿ ಪೆಟ್ರೋಲು, ಆಯಿಲ್ ಎರಡೂ ಸಾಲದಂಗ ಆಗಿ, ಇಂಜಿನ್ ಕಾದು ಪಿಸ್ಟನ್ ಜಾಮ್ ಆಗ್ತೈತಿ. ಎರಡನೇದು ಹೆಚ್ಚು ಅಪಾಯ, ಯಾಕಂದ್ರ ಹೊಗಿ ಕಾಣಂಗಿಲ್ಲ.

ಇಲ್ಲೇ ಜನ ಎಡವೋದು. ಸೀಲ್ ಹಾಳಾಗೋದಕ್ಕ ಗಾಡಿ ಓಡಬೇಕಂತಿಲ್ಲ, ಸುಮ್ನೆ ನಿಂತ್ರೂ ರಬ್ಬರ್ ಒಣಗಿ ಬಿರುಸಾಗ್ತೈತಿ. ಇಪ್ಪತ್ತು ವರ್ಷ ನಿಂತ ಗಾಡಿ ‘ಒಂದೇ ಕಿಕ್ಕಿಗೆ ಸ್ಟಾರ್ಟ್ ಆತು, ಇಂಜಿನ್ ಫಸ್ಟ್ ಕ್ಲಾಸ್’ ಅಂತ ಮಾರೋರ ಮಾತು ಕೇಳಿ ಹಂಗೇ ಹೊಸಪೇಟೆಗೆ ಓಡಿಸಿದ್ರ ದಾರ್ಯಾಗೇ ಕೂಡಬಹುದು.

ಹಂಗಂತ ಮೆಕ್ಯಾನಿಕ್ ‘ಫುಲ್ ಇಂಜಿನ್ ಕೆಲಸ ಮಾಡಿಬಿಡೋಣ’ ಅಂದ ಕೂಡಲೆ ತಲಿ ಅಲ್ಲಾಡಿಸಬ್ಯಾಡ್ರಿ. ಬೋರ್ ಹೊಡಿಸೋದು ಅಂದ್ರ ಸಿಲಿಂಡರ್ ಗೋಡೆ ಕೆರೆದು, ಸ್ವಲ್ಪ ದೊಡ್ಡ ಪಿಸ್ಟನ್ ಹಾಕೋದು. ಗೋಡೆ ಎಷ್ಟು ಸಲ ಅಂತ ಕೆರೀತೀರಿ? ಪ್ರತಿ ಸಲ ಅದು ತೆಳ್ಳಗಾಗ್ತೈತಿ. ಹೊಸ ಸಿಲಿಂಡರ್ ಕೊಡಾಕ ಯಾದವಗಿರಿಯಾಗ ಯಾರೂ ಇಲ್ಲ. ಅದಕ್ಕ ಮೊದಲು ಅಳತಿ ತಗೀಬೇಕು. ಬೋರ್ ಸವೆದಿಲ್ಲ, ಗೀರು ಇಲ್ಲ ಅಂದ್ರ ರಿಂಗ್ ಅಷ್ಟೇ ಬದಲಿಸಿದ್ರ ಸಾಕು. ಕನೆಕ್ಟಿಂಗ್ ರಾಡ್ ಹಿಡಿದು ನೆಟ್ಟಗ ಮೇಲಕ್ಕ ಕೆಳಕ್ಕ ಎಳೆದು ನೋಡ್ರಿ. ಅಕ್ಕಪಕ್ಕ ಸ್ವಲ್ಪ ಅಲುಗಾಡೋದು ಸಹಜ, ಮೇಲೆ ಕೆಳಗ ಆಡಬಾರದು. ಆಡಿತು ಅಂದ್ರ ಕ್ರ್ಯಾಂಕ್ ಕೆಲಸ ತಪ್ಪಂಗಿಲ್ಲ.

ಭಾಗ 4

ನಮ್ಮ ಹೇಮಗುಡ್ಡದಿಂದ ಹಂಪಿ ಏನು ದೂರಿಲ್ಲ. ನಿಮ್ಮ ಕಿಸೆದಾಗೇ ಐತಿ ನೋಡ್ರಿ, ಹೊಸ 50 ರೂಪಾಯಿ ನೋಟಿನ ಹಿಂದೆ, ಕಲ್ಲಿನ ತೇರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಆ ತೇರಿನ ಮೇಲೆ ಇಟ್ಟಿಗೆಯ ಶಿಖರ ಐತಿ. ಈಗಿಲ್ಲ. ಮುಂದಿರೋ ಎರಡು ಆನೆಗಳೂ ಮೂಲದವಲ್ಲ, ಮೊದಲು ಅಲ್ಲಿ ಕುದುರೆಗಳಿದ್ದವು. ಆನೆಗಳ ಹಿಂದೆ ಸರಿಯಾಗಿ ನೋಡಿದ್ರ ಕುದುರೆ ಬಾಲ ಇನ್ನೂ ಕಾಣ್ತಾವು. ಇವತ್ತು ಆ ಆನೆ ಇಲ್ಲದ ತೇರನ್ನ ಊಹಿಸಾಕೂ ಆಗಂಗಿಲ್ಲ. ಯಾವುದು ‘ಒರಿಜಿನಲ್’ ಅನ್ನೋ ಮಾತು ಅಷ್ಟು ಸರಳ ಇಲ್ಲ. ಆದ್ರ ಆನೆ ತಂದಿಟ್ಟವರು ಬಾಲ ಒಡೆದು ಹಾಕಲಿಲ್ಲ ನೋಡ್ರಿ, ಅದರಿಂದಲೇ ನಮಗ ಕುದುರೆ ಸುದ್ದಿ ಗೊತ್ತಾಗಿದ್ದು.

ಸರ್ಕಾರಕ್ಕೂ ಇದೇ ಪ್ರಶ್ನೆ ಬಂದಿತ್ತು. ಜುಲೈ 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್‌ನಲ್ಲಿ ಮಾರ್ಪಾಡು ಸೇರಿದಂತೆ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ದಿನಾ ಸಂತಿಗೆ, ಕಾಲೇಜಿಗೆ ಹೊಡಿಯಂಗಿಲ್ಲ. ಸವೆದ ಬೇರಿಂಗ್ ಜಾಗಕ್ಕ ಅದೇ ಅಳತಿ ಬೇರಿಂಗ್ ಹಾಕೋದು ಮಾರ್ಪಾಡು ಅಲ್ಲ ಅಂತ ನನ್ನ ಓದು. ಆದ್ರ ‘ಇದು ಹೋಗೇತಿ, ಬ್ಯಾರೆ ಇಂಜಿನ್ ಕೂಡಿಸೋಣ’ ಅಂದ್ರ ಆರ್‌ಸಿಯಾಗಿನ ಇಂಜಿನ್ ನಂಬರೇ ಸುಳ್ಳಾಗ್ತೈತಿ. ಅಲ್ಲಿಗೆ ಮುಗೀತು.

ಭಾಗ 5

ನಮ್ಮ ಕಾಕಾನ ಯೆಜ್ಡಿ 1975ರದು. ಲೆಕ್ಕ ಹಾಕಿದ್ರಲ್ಲ, 50 ದಾಟೇತಿ. ಕಾಕಾ ಹೇಳೋದು, ‘ಓಡೋ ಇಂಜಿನ್ ಬಿಚ್ಚೋದು ಅಂದ್ರ ನಿದ್ದಿ ಮಾಡೋ ಮಗುವನ್ನ ಎಬ್ಬಿಸಿ ಜೋಗುಳ ಹಾಡಿದಂಗ.’ ಬಿಕಾಂ ಓದೋ ನಾನು ಹೇಳೋದು, ‘ಕಾಕಾ, ಸೀಲ್, ಬೇರಿಂಗ್ ಬದಲಿಸೋದು ರೆವೆನ್ಯೂ ಖರ್ಚು, ಆಸ್ತಿ ಇದ್ದ ಸ್ಥಿತಿಯಾಗ ಇಡಾಕ ಮಾಡೋದು. ಮಾಡಲಿಲ್ಲ ಅಂದ್ರ ಸಿಲಿಂಡರೇ ಹೋಗ್ತೈತಿ, ಅದು ಬಂಡವಾಳ.’ ವಾದ ಎರಡು ತಿಂಗಳು ನಡೀತು. ಮಧ್ಯದಾಗ ಚಿಗವ್ವ, ‘ಇಬ್ಬರೂ ಸೇರಿ ಅದನ್ನ ಮಾರ್ರಿ’ ಅಂದಳು. ಅದನ್ನ ಮಾತ್ರ ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಕೊನಿಗೆ ಗಂಗಾವತಿಯ ಹಳೇ ಮೆಕ್ಯಾನಿಕ್ ಒಬ್ಬರು ಪ್ಲಗ್ ತೆಗೆದು ನೋಡಿ, ಗಾಡಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಲಗೂನ ಇಳಿಯೋದಿಲ್ಲ ಅನ್ನೋದನ್ನ ಕಾಕಾಗೆ ಕಿವಿಯಾರೆ ಕೇಳಿಸಿದರು. ಗಾಳಿ ಎಳೀತಿರೋ ಗುರುತು ಅದು. ಕಾಕಾ ಒಪ್ಪಿದ, ಆದ್ರ ಶರತ್ತು ಹಾಕಿದ: ಬೋರ್ ಮುಟ್ಟಂಗಿಲ್ಲ, ತೆಗೆದ ಒಂದು ವಾಷರ್ ಸಹಿತ ಎಸಿಯಂಗಿಲ್ಲ. ಈಗ ಸಾಮಾನೆಲ್ಲ ಸ್ಟೀಲ್ ಡಬ್ಬಿಗಳಾಗ ಚೀಟಿ ಅಂಟಿಸಿಕೊಂಡು ಕೂತಾವು, ಕೊನೇ ಫೋಟೊದಾಗ ನೋಡ್ರಿ. ಪಿಸ್ಟನ್ ತಲಿ ಮ್ಯಾಲೆ ಅಳತಿ ಗುರುತು ಇನ್ನೂ ಸ್ಟ್ಯಾಂಡರ್ಡೇ ಐತಿ. ಅಂದ್ರ 50 ವರ್ಷದಾಗ ಯಾರೂ ಬೋರ್ ಹೊಡಿಸಿಲ್ಲ. ಕಾಕಾ ಅದನ್ನ ಮೂರು ಸಲ ಒರೆಸಿ ನೋಡಿದ.

ನಿಮ್ಮ ಗಾಡಿದು ಯಾವ ಅಳತಿಗೆ ಬಂದೈತಿ? ಕೆಳಗ ಬರೀರಿ.

#ಯೆಜ್ಡಿ #ಐಡಿಯಲ್‌ಜಾವಾ #ಮೈಸೂರು #ಹೇಮಗುಡ್ಡ #ಗಂಗಾವತಿ